ಮಂಚಕ್ಕೂ ಮೀನಿಗೂ ಒಂದೇ ಗೋಡೆ

ಶಾರದವ್ವ ಬ್ಯಾಡಗಿಯ ಸರ್ಕಾರಿ ಶಾಲೆಯೊಂದರಲ್ಲಿ ಬಿಸಿಯೂಟದ ಮುಖ್ಯ ಅಡುಗೆಯವರಾಗಿದ್ದರು. ಈಗ ಅಮೆರಿಕದ ಸ್ಯಾನ್ ಡಿಯಾಗೋ ಹತ್ತಿರದ ಕಾರ್ಲ್ಸ್‌ಬಾಡಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಅದೇ ಕಟ್ಟಡದಲ್ಲಿ ಅವರ ಕೆಳಗಿನ ಮನೆ ನಮ್ಮದು. ಇಲ್ಲಿ ಬರೆದಿರುವುದರಲ್ಲಿ ಕೆಲವು ನಾನು ಕಂಡದ್ದು, ಹೆಚ್ಚಿನವು ಶಾರದವ್ವನೂ ಅವರ ಮಗಳು ದ್ರಾಕ್ಷಾಯಣಿಯೂ ಹೇಳಿದ್ದು. ಇಬ್ಬರ ಮಾತು ಬೇರೆಯಾದ ಕಡೆ ಹಾಗೆಂದೇ ಬರೆದಿದ್ದೇನೆ.

ಅವರ ಗಂಡ ಬಸ್ ಕಂಡಕ್ಟರ್ ಆಗಿದ್ದರು, ತೀರಿಕೊಂಡು ತುಂಬ ವರ್ಷವಾಯಿತು. ಇರುವವಳು ಒಬ್ಬಳೇ ಮಗಳು. ವಿಮಾನಗಳು ಮತ್ತೆ ಸರಿಯಾಗಿ ಓಡಾಡಲು ಶುರುವಾದ ಮೇಲೆ, 2022ರಲ್ಲಿ, ದ್ರಾಕ್ಷಾಯಣಿ ತಾಯಿಯನ್ನು ಕರೆಸಿಕೊಂಡರು. ಮನೆ ಎರಡು ಬೆಡ್‌ರೂಮಿನದು, ಎರಡನೇ ಮಹಡಿ. ಒಂದು ಕೋಣೆ ಗಂಡ ಹೆಂಡತಿಯದು, ಇನ್ನೊಂದು ಎಂಟು ವರ್ಷದ ಮಗಳು ನಿಹಾರಿಕಾಳದು. ಅಜ್ಜಿಗೆ ಮೊಮ್ಮಗಳ ಕೋಣೆಯಲ್ಲೇ ಹಾಸಿಗೆ ಹಾಕಿದ್ದರು. ಅವರು ಎರಡು ರಾತ್ರಿ ಅಲ್ಲಿ ಮಲಗಿ, ಮೂರನೇ ದಿನ ದಿಂಬು ಎತ್ತಿಕೊಂಡು ಹಾಲ್‌ಗೆ ಬಂದರು.

"ನಾ ಪಡಸಾಲ್ಯಾಗ ಮಲಗಿದಾಕಿ. ಒಳಗಿನ ಕೋಣಿ ಬಾಣಂತಿಗೆ ಇಲ್ಲಾ ಬ್ಯಾನಿಬಿದ್ದವರಿಗೆ. ನಾ ಎರಡೂ ಅಲ್ಲ," ಅಂದರು.

ಅಳಿಯ ಜಯಂತ ಬೆಂಗಳೂರಿನವರು, ಇಲ್ಲೇ ಒಂದು ಟೆಲಿಕಾಂ ಕಂಪನಿಯಲ್ಲಿ ಎಂಜಿನಿಯರ್. ಅತ್ತೆಗೆ ಎದುರು ಮಾತಾಡುವವರಲ್ಲ. ಆ ವಾರವೇ ಒಂದು ಮಂಚ ತಂದು ಹಾಲಿನ ಹೊರಗೋಡೆಗೆ ಹಾಕಿಕೊಟ್ಟರು. ಅಲ್ಲಿ ಕೂತರೆ ಬಾಗಿಲೂ ಕಾಣುತ್ತದೆ, ಬಾಲ್ಕನಿಯೂ ಕಾಣುತ್ತದೆ, ಅಡುಗೆಮನೆಯಲ್ಲಿ ಯಾರು ಏನು ಮಾಡುತ್ತಿದ್ದಾರೆ ಅನ್ನುವುದೂ ಕಾಣುತ್ತದೆ. ಹಾಲು ಉಕ್ಕುವ ಮೊದಲೇ ಶಾರದವ್ವ ಕೂತಲ್ಲಿಂದ ಕೂಗುತ್ತಾರೆ. ಕೆಳಗಿನ ನಮ್ಮ ಮನೆಗೂ ಕೇಳಿಸುತ್ತದೆ.

ಮೀನು ಬಂದದ್ದು ಮರುವರ್ಷ. ನಿಹಾರಿಕಾಳ ಹುಟ್ಟುಹಬ್ಬಕ್ಕೆ ಜಯಂತ ಎಂಟು ನಿಯಾನ್ ಟೆಟ್ರಾ ಮೀನು ತಂದರು. ಅವು ಬೆರಳಿನ ಎರಡು ಗೆಣ್ಣಿನಷ್ಟು ಉದ್ದದ ಮೀನು. ಮೈಮೇಲೆ ಒಂದು ನೀಲಿ ಗೆರೆ, ಬಾಲದ ಕಡೆಗೆ ಕೆಂಪು. ಅವುಗಳ ಜೊತೆ ಮೂರು ಗ್ಯಾಲನ್ನಿನ ಗಾಜಿನ ಟ್ಯಾಂಕ್. ಅಂದರೆ ಹನ್ನೊಂದು ಲೀಟರಿನ ಮೇಲೆ ಸ್ವಲ್ಪ, ಊರಿನ ಒಂದು ಕೊಡದಷ್ಟು ನೀರು. ಮೀನು ಸಣ್ಣವು, ಆದ್ದರಿಂದ ಟ್ಯಾಂಕೂ ಸಣ್ಣದು ಸಾಕು ಎಂದು ಜಯಂತ ಲೆಕ್ಕ ಹಾಕಿದ್ದರು. ಅಡುಗೆಮನೆಯ ಕಟ್ಟೆಯ ಮೇಲೆ ಕಾಫಿ ಮೇಕರ್ ಪಕ್ಕ ಅದನ್ನಿಟ್ಟರು.

"ಲಿಂಗಾಯತರ ಅಡಿಗಿಮನ್ಯಾಗ ಮೀನಾ!" ಎಂದು ಶಾರದವ್ವ ಮೊದಲ ದಿನ ಗಲ್ಲದ ಮೇಲೆ ಕೈಯಿಟ್ಟುಕೊಂಡರಂತೆ. "ಬ್ಯಾಡಗ್ಯಾಗ ಯಾರರ ಕೇಳಿದ್ರ ಏನಂತ ಹೇಳ್ಲಿ?"

"ಸಾಕೋದಕ್ಕೆ ಅತ್ತೆ, ಸಾರಿಗಲ್ಲ," ಅಂದರು ಜಯಂತ.

ವಾರ ಕಳೆಯುವಷ್ಟರಲ್ಲಿ ಶಾರದವ್ವನಿಗೇ ಅವುಗಳ ಮೇಲೆ ಹೆಚ್ಚು ಅಕ್ಕರೆ. ಶಾಲೆಯಲ್ಲಿ ಕೊನೆಯ ಮಗು ಉಂಡು ಎದ್ದ ಮೇಲೇ ಅವರು ಉಣ್ಣುತ್ತಿದ್ದುದು. ಇಲ್ಲಿಯೂ ಹಾಗೆಯೇ, ಮನೆಯಲ್ಲಿ ಯಾರಾದರೂ ಉಣ್ಣದೆ ಇದ್ದರೆ ಅವರು ತಟ್ಟೆಯ ಮುಂದೆ ಕೂರುವುದಿಲ್ಲ. ಮೀನುಗಳೂ ಮನೆಯಲ್ಲಿರುವವೇ ತಾನೆ? ಮಧ್ಯಾಹ್ನ ರೊಟ್ಟಿ ಬಡಿದು ಮುಗಿಸಿದ ಮೇಲೆ ಮೊದಲು ಡಬ್ಬಿಯಿಂದ ಒಂದು ಚಿಟಿಕೆ ಮೀನಿನ ಆಹಾರ ಅವಕ್ಕೆ, ಆಮೇಲೆ ತಮಗೆ ಊಟ.

ಆದರೆ ನೀರು ಮೆಲ್ಲಗೆ ಮಸುಕಾಯಿತು. ಒಂದು ಮೀನು ಸತ್ತಿತು. ಜಯಂತ ನೀರೆಲ್ಲ ಚೆಲ್ಲಿ ಹೊಸದು ತುಂಬಿದರು, ಇನ್ನೊಂದು ಸತ್ತಿತು. ಮೂರನೆಯದು ಸತ್ತ ದಿನ ನಿಹಾರಿಕಾ ಶಾಲೆಯಿಂದ ಬಂದವಳು ಬ್ಯಾಗನ್ನೂ ಇಳಿಸದೆ ಟ್ಯಾಂಕಿನ ಮುಂದೆ ನಿಂತಳು. "ಆರ್ ದೇ ಆಲ್ ಗೋಯಿಂಗ್ ಟು ಡೈ?" ಎಂದು ಕೇಳಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ಶಾರದವ್ವನಿಗೆ ಅಷ್ಟು ಇಂಗ್ಲಿಷ್ ಗೊತ್ತಿತ್ತು.

ಇಲ್ಲಿಂದ ಕಾರಿನಲ್ಲಿ ಎರಡು ಗಂಟೆ ದಾರಿಯ ಗ್ಲೆಂಡೇಲಿನಲ್ಲಿ ಕೇಶವಮೂರ್ತಿ ಎಂಬವರಿದ್ದಾರೆ. ಎಲ್ ಸೆಗುಂಡೋದ ಒಂದು ಕಂಪನಿಯಲ್ಲಿ ಎಂಜಿನಿಯರ್, ಅರವತ್ತರ ಹತ್ತಿರದವರು. ಮನೆಯಿಂದ ಹೊರಗೆ ಹೋಗಲಾಗದ 2020ರಲ್ಲಿ ಒಂದು ಟ್ಯಾಂಕ್ ತಂದವರು, ನೋಡನೋಡುತ್ತ ಗ್ಯಾರೇಜ್ ತುಂಬ ಟ್ಯಾಂಕ್ ಮಾಡಿಕೊಂಡಿದ್ದರು. ಈಗ ಒಂದೊಂದಾಗಿ ಕನ್ನಡದವರಿಗೆ ಹಂಚುತ್ತಿದ್ದರು. ದ್ರಾಕ್ಷಾಯಣಿಗೆ ಇದು ಯುಗಾದಿ ಕಾರ್ಯಕ್ರಮದಲ್ಲಿ ತಿಳಿಯಿತು. ಒಂದು ಭಾನುವಾರ ನಾಲ್ವರೂ ಕಾರಿನಲ್ಲಿ ಗ್ಲೆಂಡೇಲಿಗೆ ಹೋದರು. ಐದು ಮೀನು ಉಳಿದಿದ್ದವು.

ಗ್ಯಾರೇಜಿನಲ್ಲಿ ನಡೆದ ಮಾತನ್ನು ದ್ರಾಕ್ಷಾಯಣಿ ನನಗೆ ಎರಡು ಸಲ ಹೇಳಿದ್ದಾರೆ, ಎರಡು ಸಲವೂ ನಗುತ್ತಲೇ.

ಕೇಶವಮೂರ್ತಿ ಮೊದಲು ಟ್ಯಾಂಕ್ ತೋರಿಸಲಿಲ್ಲ. "ಊಟ ಹಾಕೋರು ಯಾರು?" ಎಂದು ಕೇಳಿದರು.

"ನಾನ. ಮಧ್ಯಾಹ್ನ ನಾ ಉಣ್ಣೂಕಿಂತ ಮೊದಲ," ಅಂದರು ಶಾರದವ್ವ.

"ಅಷ್ಟೇನಾ?"

ಜಯಂತ ಗಂಟಲು ಸರಿಮಾಡಿಕೊಂಡರು. "ಬೆಳಗ್ಗೆ ಕಾಫಿ ಮಾಡುವಾಗ ನಾನೂ ಸ್ವಲ್ಪ ಹಾಕ್ತೀನಿ. ಪಕ್ಕದಲ್ಲೇ ಇರ್ತವಲ್ಲ, ನನ್ನೇ ನೋಡ್ತಿರ್ತವೆ."

"ರೀ, ನೀವು ಹಾಕ್ತೀರಾ? ನನಗೆ ಗೊತ್ತೇ ಇಲ್ಲ," ಅಂದರು ದ್ರಾಕ್ಷಾಯಣಿ. "ನಾನು ಆಫೀಸಿಂದ ಬಂದ ತಕ್ಷಣ ಹಾಕ್ತೀನಿ. ಹಗಲೆಲ್ಲ ಉಪವಾಸ ಇದ್ದವೇನೋ ಅಂತ."

"ಹಗಲ ಉಪಾಸ ಹ್ಯಾಂಗಿರ್ತಾವ? ನಾ ಸತ್ತೇನೇನು?" ಎಂದು ಶಾರದವ್ವ ಮಗಳ ಕಡೆ ತಿರುಗಿದರು.

ಎಲ್ಲರೂ ನಿಹಾರಿಕಾಳನ್ನು ನೋಡಿದರು. ಅವಳು ತನ್ನ ಶೂ ನೋಡುತ್ತ, "ಬಿಫೋರ್ ಬೆಡ್. ಜಸ್ಟ್ ಅ ಲಿಟಲ್," ಅಂದಳು.

ಕೇಶವಮೂರ್ತಿಯವರ ಹೆಂಡತಿ ಜಯಾ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದರು. "ದಿನಕ್ಕೆ ನಾಲ್ಕು ಹೊತ್ತು! ಈ ಮನೇಲಿ ನನಗೆ ಎರಡು ಹೊತ್ತು ಕೇಳೋರಿಲ್ಲ. ನಾನೇ ಕಾರ್ಲ್ಸ್‌ಬಾಡಿಗೆ ಬರ್ತೀನಿ, ನನಗೂ ಒಂದು ಟ್ಯಾಂಕ್ ಕೊಡಿ," ಅಂದರು.

ಇಲ್ಲಿ ಕೇಶವಮೂರ್ತಿ ಹೇಳಿದ್ದನ್ನು ಸರಿಯಾಗಿ ಬರೆಯಬೇಕು. ಮೀನಿನ ಮಲ ಮತ್ತು ತಿನ್ನದೆ ಉಳಿದ ಊಟ ಕೊಳೆತು ನೀರಿನಲ್ಲಿ ಅಮೋನಿಯ ಆಗುತ್ತದೆ. ಅದು ಮೀನಿಗೆ ವಿಷ. ಕಲ್ಲು ಮತ್ತು ಫಿಲ್ಟರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಅದನ್ನು ಕಡಿಮೆ ವಿಷದ್ದಾಗಿ ಬದಲಾಯಿಸುತ್ತದೆ. ಆದರೆ ಹೊಸ ಟ್ಯಾಂಕಿನಲ್ಲಿ ಆ ಬ್ಯಾಕ್ಟೀರಿಯಾ ಬೆಳೆಯಲು ವಾರಗಳು ಬೇಕು. ನೀರು ಕಡಿಮೆಯಿದ್ದಷ್ಟೂ ವಿಷ ಬೇಗ ಏರುತ್ತದೆ, ಬಿಸಿಲು ಬಿದ್ದರೆ ನೀರು ಬೇಗ ಕಾಯುತ್ತದೆ, ಚಳಿಗೆ ಬೇಗ ತಣ್ಣಗಾಗುತ್ತದೆ. ಸಣ್ಣ ಮೀನಿಗೆ ಸಣ್ಣ ಟ್ಯಾಂಕ್ ಅನ್ನುವುದು ನೋಡಲು ಸರಿ, ನೋಡಿಕೊಳ್ಳಲು ಕಷ್ಟ.

ಶಾರದವ್ವ ಒಪ್ಪಲಿಲ್ಲ. "ಹಿಡಿ ಅಕ್ಕಿ ಬೇಯ್ಸಾಕ ಶಾಲಿ ಹಂಡೆ ಇಡತಾರೇನ್ರಿ? ತಳ ಹತ್ತಿ ಸೀದು ಹೋಗತದ. ಅವು ಐದ ಮೀನ, ನನ್ನ ಕಿರಿಬೆರಳಷ್ಟ ಅದಾವ."

"ಇದು ಬೇಯಿಸೋದಲ್ಲವಲ್ಲಮ್ಮ," ಅಂದರು ಕೇಶವಮೂರ್ತಿ. "ನೀವು ಸಾರು ಮಾಡಿದೀರಿ. ಒಂದು ಲೋಟ ಸಾರಿಗೆ ಕೈತಪ್ಪಿ ಒಂದು ಚಮಚ ಉಪ್ಪು ಜಾಸ್ತಿ ಬಿತ್ತು ಅಂದ್ಕೊಳ್ಳಿ. ಅದೇ ಒಂದು ಚಮಚ ಶಾಲೆ ಹಂಡೇಲಿ ಬಿದ್ರೆ?"

"ಹಂಡ್ಯಾಗ ಬಿದ್ರ ಹುಡುಗೂರಿಗೆ ಗೊತ್ತ ಆಗೂದಿಲ್ಲ," ಅಂದರು ಶಾರದವ್ವ. "ಅಂದ್ರ ನಾವ ಅವಕ್ಕ ಉಪ್ಪ ತಿನಸಾಕತ್ತೇವಿ."

"ಹಾಗೇ. ಮೀನು ಎಷ್ಟಿದೆ ಅಂತ ಎಲ್ರೂ ಕೇಳ್ತಾರೆ. ನಾನು ಮನೇಲಿ ಕೈ ಎಷ್ಟಿದೆ ಅಂತ ಕೇಳ್ತೀನಿ. ನಿಮ್ಮನೇಲಿ ನಾಲ್ಕು ಕೈ. ಇಪ್ಪತ್ತು ಗ್ಯಾಲನ್ ತಗೊಂಡು ಹೋಗಿ."

ಅವರ ಬಳಿ ಇಪ್ಪತ್ತು ಗ್ಯಾಲನ್ನಿನವು ಎರಡಿದ್ದವು. ಎರಡರಲ್ಲೂ ಹಿಡಿಯುವ ನೀರು ಒಂದೇ, ಸುಮಾರು ಎಪ್ಪತ್ತೈದು ಲೀಟರ್. ಆಕಾರ ಬೇರೆ. ಒಂದು ಎತ್ತರದ್ದು, ಉದ್ದ ಇಪ್ಪತ್ತನಾಲ್ಕು ಇಂಚು. ಇನ್ನೊಂದು ಗಿಡ್ಡ, ಉದ್ದ ಮೂವತ್ತು ಇಂಚು. ಟೆಟ್ರಾ ಗುಂಪಾಗಿ ಅಡ್ಡಡ್ಡ ಈಜುವ ಮೀನು, ಮೇಲೆ ಕೆಳಗೆ ಅಲ್ಲ. ನೀರಿನ ಮೇಲ್ಮೈ ಹೆಚ್ಚಿದ್ದಷ್ಟೂ ಗಾಳಿ ಚೆನ್ನಾಗಿ ಸೇರುತ್ತದೆ. ಆದ್ದರಿಂದ ಉದ್ದದ್ದೇ ಸರಿ, ಹೊಸಬರಿಗೆ ಶುಚಿ ಮಾಡಲೂ ಕೈ ತಳಕ್ಕೆ ತಲುಪುತ್ತದೆ ಎಂದರು ಕೇಶವಮೂರ್ತಿ.

ಜಯಂತ ಟೇಪ್ ಹಿಡಿದು ಎರಡನ್ನೂ ಅಳೆದರು. ಆಮೇಲೆ, "ಎತ್ತರದ್ದೇ ಸಾಕು ಅಂಕಲ್," ಅಂದರು.

"ಉದ್ದದ್ದು ಇರುವಾಗ ಎತ್ತರದ್ದು ಯಾಕೆ?"

"ಜಾಗ ಇಲ್ಲ."

ಇದರ ಹಿಂದಿನ ವಿಷಯ ಹೀಗಿತ್ತು. ನೀರು, ಕಲ್ಲು, ಗಾಜು, ಸ್ಟ್ಯಾಂಡ್ ಎಲ್ಲ ಸೇರಿ ಇಪ್ಪತ್ತು ಗ್ಯಾಲನ್ನಿನ ಟ್ಯಾಂಕ್ ನೂರು ಕಿಲೋ ದಾಟುತ್ತದೆ. ಅದನ್ನು ಅಡುಗೆ ಕಟ್ಟೆಯ ಮೇಲೆ ಇಡಲಾಗದು. ಮಹಡಿಯ ಮನೆಯಾದ್ದರಿಂದ ಭಾರದ್ದನ್ನು ಹೊರಗೋಡೆಗೆ ಒತ್ತಿ ಇಡಿ ಎಂದು ಅಪಾರ್ಟ್‌ಮೆಂಟ್ ಆಫೀಸಿನವರು ಜಯಂತರಿಗೆ ಹೇಳಿದ್ದರು. ಹಾಲಿನ ಹೊರಗೋಡೆ ಒಂದೇ. ಅದಕ್ಕೆ ಶಾರದವ್ವನ ಮಂಚ. ಮಂಚದ ಒಂದು ತುದಿಗೆ ಬಾಲ್ಕನಿ ಬಾಗಿಲು, ಇನ್ನೊಂದು ತುದಿಯಿಂದ ಮೂಲೆಯವರೆಗೆ ಇಪ್ಪತ್ತಾರು ಇಂಚು ಖಾಲಿ. ಎತ್ತರದ್ದು ಹಿಡಿಯುತ್ತದೆ, ಉದ್ದದ್ದಕ್ಕೆ ನಾಲ್ಕು ಇಂಚು ಸಾಲದು.

ಉದ್ದದ ಟ್ಯಾಂಕ್ ಬಂದರೆ ಮಂಚ ಒಳಗೆ ಹೋಗಬೇಕು. ಅಳಿಯನಾದವನು ಅತ್ತೆಗೆ, ನಿಮ್ಮ ಮಂಚ ತೆಗೆಯುತ್ತೇವೆ ಎಂದು ಹೇಗೆ ಹೇಳುವುದು? ಅದೂ ಐದು ಮೀನಿಗಾಗಿ? ಶಾರದವ್ವನಿಗೂ ಇದು ಹೊಳೆದಿತ್ತು. ಮಗಳ ಮನೆಯಲ್ಲಿ ಇರುವವರು ತಾವು, ಅಳಿಯ ಕೇಳಿದರೆ ಒಲ್ಲೆ ಎನ್ನಲಾಗದು, ಆದ್ದರಿಂದ ಕೇಳದೆ ಇರಲಿ ಎಂದು ಅವರು ಗೋಡೆಯ ಮೇಲಿನ ಫಿಲ್ಟರ್ ಪೈಪುಗಳನ್ನು ನೋಡುತ್ತ ನಿಂತರಂತೆ.

"ಬಟ್ ಇಫ್ ಯು ಮೂವ್ ಅಜ್ಜೀಸ್ ಬೆಡ್..." ಎಂದು ನಿಹಾರಿಕಾ ಶುರುಮಾಡಿದಳು.

"ನಿಹಾ, ಜಯಾ ಆಂಟಿಗೆ ಕಪ್ ಕೊಟ್ಟು ಬಾ," ಅಂದರು ದ್ರಾಕ್ಷಾಯಣಿ.

"ಐ ಡೋಂಟ್ ಹ್ಯಾವ್ ಅ ಕಪ್."

"ನಂದು ಕೊಡು."

ಮುಂದಿನ ಭಾನುವಾರ ಬಂದು ಒಂದನ್ನು ಒಯ್ಯುತ್ತೇವೆ ಎಂದು ಹೇಳಿ ಹೊರಟರು. ಕಾರಿನಲ್ಲಿ ಯಾರೂ ಟ್ಯಾಂಕಿನ ಮಾತು ಎತ್ತಲಿಲ್ಲ. ಶಾರದವ್ವ ಮಲಗಿದ್ದರು ಎಂದು ದ್ರಾಕ್ಷಾಯಣಿ ಹೇಳುತ್ತಾರೆ. ಕಣ್ಣು ಮುಚ್ಚಿದ್ದೆ, ಮಲಗಿರಲಿಲ್ಲ ಎಂದು ಶಾರದವ್ವ.

ಅವರಿಗೆ ಹೆದರಿಕೆ ಇದ್ದದ್ದು ಕೋಣೆಯದಲ್ಲ. ಅಲ್ಲಿ ಹೋಗಿ ಮಲಗಿದರೆ ಮೊದಮೊದಲು ಊಟಕ್ಕೆ ಕರೆಯುತ್ತಾರೆ, ಆಮೇಲೆ ತಟ್ಟೆ ಒಳಗೇ ಬರುತ್ತದೆ, ಯಾರಾದರೂ ಮನೆಗೆ ಬಂದರೆ ಕೋಣೆಯ ಬಾಗಿಲು ಮುಂದೆ ಮಾಡುತ್ತಾರೆ. ಅವರ ಅತ್ತೆಗೆ ಹಾಗೇ ಆಗಿತ್ತಂತೆ. ಯಾರೂ ಬೇಕೆಂದು ಮಾಡಿದ್ದಲ್ಲ, ಸೊಸೆಯಾದ ತಾವೂ ಮಾಡಿದ್ದಲ್ಲ, ಆದರೂ ಆಯಿತು ಎಂದು ಶಾರದವ್ವ ನನಗೆ ಹೇಳಿದರು.

ಆ ವಾರ ಮೀನಿಗೆ ಊಟ ಒಂದೇ ಹೊತ್ತು, ಶಾರದವ್ವನ ಕೈಯಿಂದ ಮಾತ್ರ ಎಂದಾಯಿತು. ದಿನವೂ ಸ್ವಲ್ಪ ನೀರು ಬದಲಿಸಿದರು. ಪೂರ್ತಿ ಚೆಲ್ಲಿದರೆ ಇರುವ ಬ್ಯಾಕ್ಟೀರಿಯಾಕ್ಕೂ ಪೆಟ್ಟು ಎಂದು ಕೇಶವಮೂರ್ತಿ ಎಚ್ಚರಿಸಿದ್ದರು. ಹಾಗಿದ್ದೂ ಬುಧವಾರ ಬೆಳಿಗ್ಗೆ ಒಂದು ಮೀನು ಕಲ್ಲಿನ ಮೇಲೆ ಮಗ್ಗುಲಾಗಿ ಬಿದ್ದಿತ್ತು. ನಿಹಾರಿಕಾ ಶಾಲೆಗೆ ಹೋಗುವ ಮುಂಚೆ ಅದನ್ನು ನೋಡಿದಳು. ಅಳಲಿಲ್ಲ. ಉಳಿದ ನಾಲ್ಕನ್ನು ನೋಡಿ, ಅವಕ್ಕೆ ತಾನು ಇಟ್ಟಿದ್ದ ಹೆಸರು ಇನ್ನು ಹೇಳುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ ಬಸ್ಸಿಗೆ ಹೋದಳು.

ಜಯಂತ ಆ ದಿನ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಶಾರದವ್ವ ಅವರಿಗೆ ಉಪ್ಪಿಟ್ಟು ತಂದಿಟ್ಟು, ಹೋಗದೆ ಅಲ್ಲೇ ನಿಂತರು.

"ಅಳಿಯಂದ್ರ, ಒಂದ ಮಾತ."

"ಹೇಳಿ ಅತ್ತೆ." ಅವರು ಲ್ಯಾಪ್‌ಟಾಪ್ ಮುಚ್ಚಿದರು.

"ನನ್ನ ಮಂಚ ಸರಸ್ರಿ ಅಂತ ನೀವು ಹೇಳವಲ್ರಿ. ಸರಸತೇನಿ ಅಂತ ನಾ ಹೇಳವಲ್ಲೆ. ನಮ್ಮಿಬ್ಬರ ಮರ್ಯಾದಿ ನಡುವ ಮೀನ ಸಾಯಾಕತ್ತಾವು."

ಜಯಂತ ಏನೋ ಅನ್ನಲು ಬಾಯಿ ತೆರೆದರು, ಆದರೆ ಶಾರದವ್ವ ಮುಗಿಸಿರಲಿಲ್ಲ.

"ಖರೇ ಹೇಳತೇನಿ. ಒಳಗ ಹೋಗಾಕ ನನಗ ಮನಸ್ಸಿಲ್ಲ. ಹೋಗ್ರಿ ಅಂದ್ರ ಹೋಗತೇನಿ, ನಿಮ್ಮ ಮನಿ. ಆದ್ರ ಮನಸ್ಸಿಲ್ಲ."

"ಒಳಗೆ ಹೋಗಿ ಅಂತ ಯಾರು ಅಂದ್ರು ಅತ್ತೆ? ಅದಕ್ಕೇ ಎತ್ತರದ್ದು ತರೋಣ ಅಂದಿದ್ದು."

"ಎತ್ತರದ್ದು ಅವಕ್ಕ ಬರೋಬ್ಬರಿ ಅಲ್ಲ ಅಂತ ಅವರು ಹೇಳಲಿಲ್ಲೇನು?"

"ಬದುಕ್ತವೆ. ಉದ್ದದ್ರಲ್ಲಿ ಚೆನ್ನಾಗಿ ಬದುಕ್ತವೆ ಅಂದ್ರು. ಎಷ್ಟು ಅಳೆದರೂ ನಾಲ್ಕು ಇಂಚು ಸಾಲದು."

"ನಾಕ ಇಂಚ ಅಂದ್ರ ಎಷ್ಟ?"

ಜಯಂತ ಬೆರಳು ಅಗಲಿಸಿ ತೋರಿಸಿದರು. ಶಾರದವ್ವ ಆ ಬೆರಳನ್ನೇ ನೋಡಿದರು. ಆಮೇಲೆ ಮಂಚದ ಹತ್ತಿರ ಹೋದರು.

ಮಂಚದ ತಲೆಭಾಗದಲ್ಲಿ ಹಲಗೆಯ ಒಂದು ಪೆಟ್ಟಿಗೆ ಜೋಡಿಸಿತ್ತು, ಒಂದು ಗೇಣು ಅಗಲದ್ದು. ಕೊಳ್ಳುವಾಗ ಅದರೊಂದಿಗೇ ಬಂದಿತ್ತು. ಬಂದ ದಿನವೇ ಶಾರದವ್ವ ಅದರಲ್ಲಿ ವಿಭೂತಿ, ಪೂಜೆಯ ಬಟ್ಟಲು, ಗಂಡನ ಫೋಟೋ ಇಟ್ಟಿದ್ದರು. ಅಲ್ಲಿಂದಾಚೆಗೆ ಆ ಮನೆಯಲ್ಲಿ ಅದು ಪೀಠೋಪಕರಣ ಅಲ್ಲ, ದೇವರ ಜಾಗ. ಧೂಳು ಒರೆಸಲೂ ಜಯಂತ ಅದನ್ನು ಮುಟ್ಟುತ್ತಿರಲಿಲ್ಲ. ಗೋಡೆ ಅಳೆಯುವಾಗಲೂ ಅದರ ಹೊರತುದಿಯಿಂದಲೇ ಟೇಪ್ ಹಿಡಿದಿದ್ದರು. ಅದನ್ನು ಕಳಚಬಹುದು ಎಂಬ ಯೋಚನೆಯೇ ಅವರಿಗೆ ಬಂದಿರಲಿಲ್ಲ, ಶಾರದವ್ವನಿಗೂ ಅಲ್ಲಿಯವರೆಗೆ ಬಂದಿರಲಿಲ್ಲ.

"ಇದು ಬಿಚ್ಚತದೇನು?"

"ಸ್ಕ್ರೂ ಅತ್ತೆ. ಬಿಚ್ಚುತ್ತೆ. ಆದರೆ ನಿಮ್ಮ ಪೂಜೆದು..."

"ಕಿಟಕಿ ಕಟ್ಟಿ ಮ್ಯಾಲ ಇಡತೇನಿ. ದೇವ್ರಿಗೆ ಬೆಳಕರ ಬೀಳತದ. ಮೀನದ ಬಾಜೂಕ ಇಡಾಕ ಮಾತ್ರ ಆಗೂದಿಲ್ಲ, ಮೊದಲ ಹೇಳತೇನಿ."

ಪೆಟ್ಟಿಗೆ ಕಳಚಿದ ಮೇಲೆ ಮಂಚ ಎಂಟು ಇಂಚು ಗಿಡ್ಡವಾಯಿತು. ಟ್ಯಾಂಕಿಗೆ ಬೇಕಾದದ್ದಕ್ಕಿಂತ ನಾಲ್ಕು ಹೆಚ್ಚು. ಆ ಜಾಗ ಫಿಲ್ಟರಿನ ಪೈಪಿಗೂ ವೈರಿಗೂ ಆಯಿತು.

ಜಯಂತ ಭಾನುವಾರಕ್ಕೆ ಕಾಯದೆ ಗುರುವಾರವೇ ಗ್ಲೆಂಡೇಲಿಗೆ ಡ್ರೈವ್ ಮಾಡಿಕೊಂಡು ಹೋಗಿ ಉದ್ದದ ಟ್ಯಾಂಕ್, ಅದರ ಸ್ಟ್ಯಾಂಡ್ ತಂದರು. ಕೇಶವಮೂರ್ತಿ ತಮ್ಮ ಹಳೆಯ ಟ್ಯಾಂಕಿನ ಫಿಲ್ಟರಿನಿಂದ ಒಂದು ಸ್ಪಾಂಜ್ ತೆಗೆದು, ಅದೇ ನೀರಿನಲ್ಲಿ ಮುಳುಗಿಸಿ ಡಬ್ಬಿಯಲ್ಲಿ ಕೊಟ್ಟಿದ್ದರು. ಅದರಲ್ಲಿ ಬ್ಯಾಕ್ಟೀರಿಯಾ ಮೊದಲೇ ಇರುತ್ತದೆ, ಹೊಸ ಟ್ಯಾಂಕ್ ಬೇಗ ಸಿದ್ಧವಾಗುತ್ತದೆ. ಶಾರದವ್ವ ಡಬ್ಬಿ ತೆರೆದು ಮೂಸಿ ನೋಡಿದರು. "ಹೆಪ್ಪ ಹಾಕಾಕ ಮೊಸರ ಕೊಟ್ಟಾರ ನೋಡು," ಎಂದು ನಿಹಾರಿಕಾಳಿಗೆ ವಿವರಿಸಿದರು. ಅವಳು, "ಇಟ್ ಸ್ಟಿಂಕ್ಸ್," ಅಂದಳು. ಮೊಸರೂ ಹಾಗೇ ಎಂದು ಶಾರದವ್ವ ಬಿಡಲಿಲ್ಲ.

ನಲ್ಲಿ ನೀರನ್ನು ಹಾಗೇ ಹಾಕುವಂತಿಲ್ಲ. ಇಲ್ಲಿಯ ನೀರಿಗೆ ಕ್ಲೋರಿನ್ ಜಾತಿಯ ಔಷಧಿ ಬೆರೆತಿರುತ್ತದೆ, ಅದನ್ನು ತೆಗೆಯುವ ದ್ರಾವಣ ಹಾಕಿ, ಬಿಸಿ ಸರಿನೋಡಿ, ಮೀನುಗಳನ್ನು ಅವುಗಳ ಹಳೆಯ ನೀರಿನ ಸಮೇತ ಒಂದು ಚೀಲದಲ್ಲಿ ತೇಲಿಬಿಟ್ಟು, ಹೊಸ ನೀರನ್ನು ಸ್ವಲ್ಪಸ್ವಲ್ಪ ಬೆರೆಸುತ್ತ ಹೋದರು. ಚೀಲ ತೆರೆದಾಗ ನಾಲ್ಕೂ ಒಂದು ಮೂಲೆಯಲ್ಲಿ ಗುಂಪಾಗಿ ನಿಂತವು. ಬಹಳ ಹೊತ್ತು ಅಲ್ಲೇ ಇದ್ದವು. ಆಮೇಲೆ ಒಂದು ಹೊರಟಿತು, ಉಳಿದವು ಹಿಂದೆ ಹೋದವು, ಆ ತುದಿ ಮುಟ್ಟಿ ತಿರುಗಿ ಬಂದವು.

ಅದಾದ ಮೇಲೆ ಸತ್ತದ್ದು ಒಂದು. ಅದು ಮೊದಲೇ ಸೊರಗಿತ್ತು. ನೀರಿನ ಪರೀಕ್ಷೆಯಲ್ಲಿ ಅಮೋನಿಯ ಇಲ್ಲವೆಂದು ಬರತೊಡಗಿದ ಮೇಲೆ, ಟೆಟ್ರಾ ಗುಂಪಿನಲ್ಲಿದ್ದರೇ ಧೈರ್ಯವಾಗಿರುವ ಮೀನಾದ್ದರಿಂದ, ಮೊದಲು ಕೆಲವು, ತಿಂಗಳ ನಂತರ ಇನ್ನು ಕೆಲವು ತಂದರು. ಈಗ ಹನ್ನೆರಡು ಇವೆ. ನಿಹಾರಿಕಾ ಹೊಸವಕ್ಕೂ ಹೆಸರಿಟ್ಟಿದ್ದಾಳೆ. ನನಗೆ ಒಂದರಿಂದ ಇನ್ನೊಂದನ್ನು ಗುರುತಿಸಲು ಬರುವುದಿಲ್ಲ, ಅವಳು ಗುರುತಿಸುತ್ತಾಳೆ.

ವಾರಕ್ಕೊಂದು ದಿನ ಊಟ ಹಾಕದಿದ್ದರೆ ಒಳ್ಳೆಯದೇ ಎಂದು ಕೇಶವಮೂರ್ತಿ ಫೋನಿನಲ್ಲಿ ಹೇಳಿದರು. ಶಾರದವ್ವನಿಗೆ ಸೋಮವಾರ ಒಪ್ಪತ್ತು, ಅಂದರೆ ಒಂದೇ ಹೊತ್ತಿನ ಊಟ. ಮೀನಿಗೂ ಅದೇ ದಿನ ಗೊತ್ತುಮಾಡಿದರು, ಅವಕ್ಕೆ ಪೂರ್ತಿ ಉಪವಾಸ. ಒಂದು ಸೋಮವಾರ ನಾನು ಅಲ್ಲಿದ್ದಾಗ ಜಯಂತ ಕಾಫಿ ಲೋಟ ಹಿಡಿದು ಟ್ಯಾಂಕಿನ ಹತ್ತಿರ ಹೋಗಿ ಡಬ್ಬಿಗೆ ಕೈಹಾಕಿದರು.

"ಅಳಿಯಂದ್ರ," ಎಂದು ಮಂಚದಿಂದ ಧ್ವನಿ ಬಂತು. "ಇವತ್ತ ಅವು ಸೋಮವಾರ ಮಾಡ್ಯಾವ."

"ಸುಮ್ನೆ ನೋಡ್ತಿದ್ದೆ ಅತ್ತೆ."

"ಕೈಲೆ ನೋಡತಾರೇನು?"

ಮನೆಗೆ ಯಾರೇ ಬಂದರೂ ಈಗ ಮೊದಲು ಟ್ಯಾಂಕಿನ ಮುಂದೆ ನಿಲ್ಲುತ್ತಾರೆ. ಟ್ಯಾಂಕಿನ ಪಕ್ಕ ಕೂರಲು ಮಂಚ ಬಿಟ್ಟರೆ ಬೇರೆ ಜಾಗವಿಲ್ಲ. ಹಾಗಾಗಿ ಬಂದವರು ಶಾರದವ್ವನ ಪಕ್ಕದಲ್ಲೇ ಕೂತು ಮಾತಾಡುತ್ತಾರೆ. ಮೊದಲು ನಮಸ್ಕಾರ ಹೇಳಿ ಸೋಫಾದ ಕಡೆ ಹೋಗುತ್ತಿದ್ದವರೂ ಈಗ ಅಲ್ಲೇ ಕೂರುತ್ತಾರೆ.

ಕಳೆದ ಬೇಸಿಗೆಯಲ್ಲಿ ಕೇಶವಮೂರ್ತಿ, ಜಯಾ ಸ್ಯಾನ್ ಡಿಯಾಗೋಗೆ ಯಾವುದೋ ಮದುವೆಗೆ ಬಂದವರು ದಾರಿಯಲ್ಲಿ ಇಲ್ಲಿಗೂ ಬಂದರು. ಕೇಶವಮೂರ್ತಿ ಮೊಣಕಾಲೂರಿ ಟ್ಯಾಂಕನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿ ತಲೆದೂಗಿದರು. ಎದ್ದು, ಗ್ಯಾರೇಜಿನಲ್ಲಿ ನಲವತ್ತು ಗ್ಯಾಲನ್ನಿನದೊಂದು ಉಳಿದಿದೆ, ಇಷ್ಟು ಚೆನ್ನಾಗಿ ನೋಡಿಕೊಳ್ಳುವವರಿಗೆ ಅದನ್ನೇ ಕೊಡಬೇಕು ಎಂದರು. ನಿಹಾರಿಕಾ ಕುಣಿದಳು. ಜಯಂತ ಆಗಲೇ ಗೋಡೆಯ ಕಡೆ ನೋಡತೊಡಗಿದ್ದರು.

ಶಾರದವ್ವ ಮಂಚದ ಮೇಲೆ ಕಾಲು ಮಡಚಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

"ತರ್ರಿ, ಬ್ಯಾಡ ಅನ್ನಂಗಿಲ್ಲ," ಅಂದರು. "ಈ ಸಲ ನಿಮ್ಮ ಮಂಚ ಅಳೀರಿ ಅಳಿಯಂದ್ರ."